ಸ್ಟ್ರಾಂಗ್ ಎಣ್ಣೆ

ಪ್ಲಗ್ಗು ಕಿತ್ತ ಮೇಲೆ ಎಕ್ಸ್‌ರೇ ಮಿಷನ್ನಿನಲ್ಲಿ ಕಿರಣ ಇರುವುದಿಲ್ಲ. ಇದನ್ನು ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಜನಕ್ಕೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸ್ವಿಚ್ಚು ಆರಿಸಿದ ಮೇಲೆ ಬಲ್ಬಿನೊಳಗೆ ಬೆಳಕು ಉಳಿದುಕೊಂಡಿರುತ್ತದಾ ಅಂತ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಹಾಗಂದ ಬಾಯಲ್ಲೇ, "ಆದ್ರೂ ವಸಿ ದೂರ ಮಡಗಿ ಸಾರ್" ಅನ್ನುತ್ತಾರೆ. ಮಿಷನ್ನು ಸಾಗಿಸುವ ಗೂಡ್ಸ್ ಆಟೋದವನು ಮೂಗಿಗೆ ಟವೆಲ್ಲು ಕಟ್ಟಿಕೊಂಡೇ ಗಾಡಿ ಹತ್ತುವುದು. ಕಿರಣ ಮೂಗಿನಿಂದ ಒಳಗೆ ಹೋಗುತ್ತದೆ ಅಂತ ಅವನಿಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ ಗೊತ್ತಿಲ್ಲ.

ನಾನು ನರ್ಸಿಂಗ್ ಹೋಮುಗಳ ಎಕ್ಸ್‌ರೇ ಮಿಷನ್ನು ರಿಪೇರಿ ಮಾಡಿಕೊಂಡಿದ್ದವನು. ಎಲ್ಲರೂ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಹೊಸ ಮಿಷನ್ನು ತಂದುಕೊಂಡ ಮೇಲೆ ಹಳೆಯವನ್ನು ಕೇಳುವವರು ಇಲ್ಲದಾದರು. ಮೆಟ್ಟಿಲ ಕೆಳಗೆ, ಜನರೇಟರ್ ರೂಮಿನಲ್ಲಿ, ಕೆಲವು ಕಡೆ ಕಕ್ಕಸಿನ ಪಕ್ಕ ನಿಲ್ಲಿಸಿ ಮೇಲೊಂದು ಬೆಡ್‌ಶೀಟು ಹೊದಿಸಿರುತ್ತಾರೆ. ನಾನು ಅಂಥವನ್ನು ಕೊಂಡು ಮಂಡ್ಯದ ಹೊರಗಿನ ನನ್ನ ಶೆಡ್ಡಿಗೆ ತಂದು ಬಿಚ್ಚುತ್ತೇನೆ. ತಾಮ್ರ, ಸೀಸ, ಕಬ್ಬಿಣ ಒಂದೊಂದು ದಿಕ್ಕಿಗೆ ಹೋಗುತ್ತವೆ. ಇನ್ನೂ ಹಳೇ ಮಿಷನ್ನನ್ನೇ ನಂಬಿಕೊಂಡಿರುವ ಒಂದೆರಡು ಕಡೆಗೆ ಬಿಡಿಭಾಗ ಕೊಡುತ್ತೇನೆ. ಗುಜರಿಯವನು ಅಂದರೆ ನನಗೆ ಸಿಟ್ಟು ಬರುತ್ತದೆ. ಆದರೆ ಬೇರೆ ಏನನ್ನಬೇಕು ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರವಿಲ್ಲ.

ಹೆದರಬೇಕಾದ್ದಕ್ಕೆ ಮಾತ್ರ ಯಾರೂ ಹೆದರುವುದಿಲ್ಲ. ಕಿರಣ ಹುಟ್ಟುವ ಟ್ಯೂಬಿನ ಗಾಜಿನೊಳಗೆ ಗಾಳಿ ಇರುವುದಿಲ್ಲ, ಸುಮ್ಮನೆ ಸುತ್ತಿಗೆ ಬಿಟ್ಟರೆ ಚೂರು ಮುಖಕ್ಕೆ ಹಾರುತ್ತದೆ. ಸೀಸದ ತಗಡು ಮುಟ್ಟಿದ ಕೈಯಲ್ಲೇ ಜನ ಬೋಂಡ ತಿನ್ನುತ್ತಾರೆ. ಹಳೇ ಕಾಲದ ಮಿಷನ್ನುಗಳಲ್ಲಿ ಕೆಪಾಸಿಟರ್ ಅಂತ ತಗಡಿನ ಡಬ್ಬ ಇರುತ್ತದೆ, ತಲೆಯ ಮೇಲೆ ಎರಡು ಪಿಂಗಾಣಿ ಕೊಂಬು. ಪ್ಲಗ್ಗು ಕಿತ್ತು ಎಷ್ಟು ಹೊತ್ತಾದರೂ ಅದರೊಳಗೆ ಕರೆಂಟು ಕೂತಿರುತ್ತದೆ. ಎರಡು ಕೊಂಬಿಗೂ ತಂತಿ ಮುಟ್ಟಿಸಿ ಇಳಿಸದೆ ಕೈ ಹಾಕಿದರೆ ಆಳು ಹೋದಂಗೇ ಲೆಕ್ಕ.

ಆ ಡಬ್ಬದೊಳಗಿನ ಎಣ್ಣೆ ಇನ್ನೂ ಕೆಟ್ಟದ್ದು. ಹಿಂದೆ ಫಾರಿನ್ನಿನಿಂದ ಬರುತ್ತಿದ್ದ ಎಷ್ಟೋ ಡಬ್ಬಗಳಲ್ಲಿ ಪಿಸಿಬಿ ಅನ್ನುವ ಎಣ್ಣೆ ತುಂಬುತ್ತಿದ್ದರು. ನೋಡಲು ತಿಳಿಯಾಗಿ, ಜೇನಿನ ಬಣ್ಣಕ್ಕಿರುತ್ತದೆ. ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ, ಹಳಸುವುದಿಲ್ಲ, ಕೆಡುವುದಿಲ್ಲ. ಚರ್ಮದಿಂದ ಒಳಗಿಳಿದರೆ ಮೈಯ ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಬೆಳೆಯುವ ಮಕ್ಕಳ ಬುದ್ಧಿ, ಮಾತಿನ ಮೇಲೆ ಕೈ ಹಾಕುತ್ತದೆ ಅಂತ ತಿಳಿದವರು ಹೇಳುತ್ತಾರೆ. ನನ್ನ ಅಕ್ಕನ ಮನೆಯಲ್ಲಿ ಒಂದು ಹಸುಗೂಸಿಗೆ ಆ ಎಣ್ಣೆ ಮುಟ್ಟಿತು. ನಾನು ಹೇಳಹೊರಟಿದ್ದು ಅದನ್ನೇ.

ಅಕ್ಕನ ಮನೆ ಇರುವುದು ಮಳವಳ್ಳಿ ತಾಲ್ಲೂಕು, ಶಿವನಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಬಾವ ಲೈನ್‌ಮನ್ ಆಗಿ ನಿವೃತ್ತರಾದವರು. ಆ ಕಡೆ ಊರುಗಳಲ್ಲಿ ಕರೆಂಟಿನ ಕೆಲಸ ಅಂದರೆ ಮನೆತನದ ವಿಷಯ. ಮನೆಗೊಬ್ಬರಾದರೂ ಕರೆಂಟಿನವರು ಸಿಗುತ್ತಾರೆ. ಅದರ ಜತೆಗೇ ಬಂದದ್ದು ಕರೆಂಟೆಣ್ಣೆಯ ಮೇಲಿನ ನಂಬಿಕೆ. ಕರೆಂಟೆಣ್ಣೆ ಅಂದರೆ ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ. ವರ್ಷಾನುಗಟ್ಟಲೆ ಕರೆಂಟಿನ ಜತೆ ಇದ್ದದ್ದರಿಂದ ಅದರಲ್ಲಿ ಕರೆಂಟಿನ ಸತ್ವ ಇಳಿದಿರುತ್ತದಂತೆ. ಮಂಡಿಗೆ ತಿಕ್ಕಿದರೆ ನರಕ್ಕೆ ಜೀವ ಬರುತ್ತದಂತೆ. ನಾನು ಕಿರಣದ ಬಗ್ಗೆ ಹೇಳಿದಂತೆ ಇದರ ಬಗ್ಗೆಯೂ ಹೇಳಿ ಸೋತವನು. ಅಕ್ಕ ನನ್ನ ಮಾತು ಮುಗಿಯುವ ತನಕ ಸುಮ್ಮನಿದ್ದು, "ನಿಂಗೆ ಮಂಡಿನೋವು ಬಂದಾಗ ಗೊತ್ತಾಯ್ತದೆ ಬುಡು" ಅನ್ನುತ್ತಿದ್ದಳು.

ಬಾವ ಕೆಲಸದಲ್ಲಿದ್ದಷ್ಟು ದಿನ ಅವಳಿಗೆ ಎಲ್ಲಿಂದಲೋ ಒಂದು ಬಾಟಲಿ ಒದಗುತ್ತಿತ್ತು. ನಿವೃತ್ತಿಯಾದ ಮೇಲೆ ಅದು ನಿಂತಿತು. ಅಷ್ಟರಲ್ಲಿ ಅಕ್ಕನ ಮಗಳು ಬಾಣಂತನಕ್ಕೆ ಬಂದಳು.

ಮಗಳು ಮದ್ದೂರಿನ ಕಡೆ ಸ್ಕೂಲ್ ಟೀಚರು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಎರಡು ಸಲ ಬಸಿರು ನಿಂತೂ ಇಳಿದುಹೋಗಿತ್ತು. ಎರಡನೇ ಸಲ ಹೋದಾಗ ಅವಳು ನನ್ನ ಹೆಂಡತಿಯ ಹತ್ತಿರ, "ಇನ್ನು ನನ್ನನ್ನ ಯಾರೂ ಏನೂ ಕೇಳ್ಬೇಡಿ" ಅಂದಿದ್ದಳು. ಮೂರನೆಯದು ಉಳಿಯಿತು, ಹೆಣ್ಣು ಕೂಸು. ಅಕ್ಕ ಬಾಣಂತನವನ್ನು ಬೇರೆ ಯಾರ ಕೈಗೂ ಬಿಡಲಿಲ್ಲ. ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀವುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ಎಲ್ಲ ಅವಳದೇ. ಮಂಡಿ ನೋಯುವವಳು ಬಚ್ಚಲಿನಲ್ಲಿ ಅಷ್ಟು ಹೊತ್ತು ಕೂತರೆ ಏಳಲು ಆಗುವುದಿಲ್ಲ. ಬಾವ ಕೈ ಹಿಡಿದು ಎಬ್ಬಿಸಬೇಕಿತ್ತು. ಇದನ್ನು ನೋಡಲಾರದೆಯೇ ಅವರು ಬಾಟಲಿ ಹುಡುಕಿಕೊಂಡು ಮಂಡ್ಯಕ್ಕೆ ಬಂದದ್ದು ಅಂತ ನನಗೆ ಆಮೇಲೆ ಗೊತ್ತಾಯಿತು.

ನನಗೆ ಹೇಳಿದ್ದು ಬೇರೆ. ಮಂಡ್ಯದಲ್ಲಿ ಏನೋ ಕೆಲಸ ಇದೆ, ನಿಮ್ಮನೇಲಿ ಒಂದೆರಡು ದಿನ ಇರ್ತೀನಿ ಅಂದರು. ಮಳವಳ್ಳಿಯಲ್ಲಿ ಬಾಗಿಲು ಹಾಕಿದ ಒಂದು ನರ್ಸಿಂಗ್ ಹೋಮಿನಿಂದ ನಾನು ಆಗಷ್ಟೇ ಒಂದು ಹಳೇ ಫಾರಿನ್ ಮಿಷನ್ನು ತಂದಿದ್ದೆ. ಬಾವ ಶೆಡ್ಡಿಗೆ ಬಂದು ಕೂತರು. ಅವರ ಕೈ ನಾಜೂಕು, ಅದನ್ನು ಒಪ್ಪಬೇಕು. ಒಂದು ಬೋಲ್ಟಿನ ಥ್ರೆಡ್ಡೂ ಕೆಡಿಸದೆ ಬಿಚ್ಚುತ್ತಿದ್ದರು. ಆದರೆ ಟ್ಯೂಬಿನ ಹತ್ತಿರ ಬರುತ್ತಿರಲಿಲ್ಲ. ಬರಲೇಬೇಕಾದಾಗ ಮೂಲೆಯಲ್ಲಿ ನೇತುಹಾಕಿದ್ದ, ಕಿರಣ ತಡೆಯುವ ಸೀಸದ ಏಪ್ರನ್ನು ಹಾಕಿಕೊಂಡು, ಆ ಭಾರಕ್ಕೆ ಬಾಗಿಕೊಂಡು ಬರುತ್ತಿದ್ದರು.

"ಬಾವ, ಪ್ಲಗ್ಗೇ ಇಲ್ಲ, ಕಿರಣ ಎಲ್ಲಿಂದ ಬತ್ತದೆ?"

"ನಿಂಗೇನ್ಲಾ ಗೊತ್ತು. ಕರೆಂಟು ಅಂದ್ರೆ ನಂಬೋ ಅಂಥದ್ದಲ್ಲ," ಅಂದರು. ಕರೆಂಟಿನ ಮಟ್ಟಿಗೆ ಆ ಮಾತು ನಿಜವೇ.

ಮಿಷನ್ನಿನ ಟ್ರಾನ್ಸ್‌ಫಾರ್ಮರ್ ಕೂತಿದ್ದ ದೊಡ್ಡ ತೊಟ್ಟಿಯ ಎಣ್ಣೆಯನ್ನು ಇಳಿಸಿದೆವು. ಅದು ಮಾಮೂಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ, ಕಪ್ಪಗಾಗಿತ್ತು. ಬಾವ ಬೆರಳಲ್ಲಿ ಉಜ್ಜಿ ನೋಡಿ, "ಸುಟ್ಟೋಗದೆ, ಸತ್ವ ಇಲ್ಲ" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡೆ. ಕೆಪಾಸಿಟರ್ ಡಬ್ಬಗಳನ್ನು ಬಿಚ್ಚುವಂತಿಲ್ಲ, ಹಾಗೇ ತೆಗೆದು ಬೇರೆ ಇಡಬೇಕು. ವಿಷದ ಕಸ ಒಯ್ಯುವವರು ದೂರದಿಂದ ಗಾಡಿ ತರುವ ತನಕ ಅವು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿರುತ್ತವೆ. ಬಾವ ಅದೇನು ಅಂತ ಕೇಳಿದರು.

"ಅದ್ರೊಳಗಿನ ಎಣ್ಣೆ ಬಲೇ ಸ್ಟ್ರಾಂಗು ಬಾವ. ಅದನ್ನ ಮಾತ್ರ ಮುಟ್ಬೇಡಿ," ಅಂದೆ.

ನಮ್ಮ ಕಡೆ ಸ್ಟ್ರಾಂಗು ಅನ್ನುವ ಮಾತಿಗೆ ಇರುವುದು ಒಂದೇ ಅರ್ಥ, ಒಳ್ಳೇದು ಅಂತ. ಟೀ ಸ್ಟ್ರಾಂಗಾಗಿರಬೇಕು, ಇಂಜೆಕ್ಷನ್ನು ಸ್ಟ್ರಾಂಗಾಗಿರಬೇಕು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗಿಂತ ಡ್ರಿಪ್ಪು ಹಾಕಿದ ಡಾಕ್ಟರು ಸ್ಟ್ರಾಂಗು. ಬಾವ ನನ್ನ ಮಾತಿನ ಮೊದಲರ್ಧ ಕಿವಿಗೆ ಹಾಕಿಕೊಂಡರು. ಉಳಿದರ್ಧ ನನ್ನ ಜಿಪುಣತನ ಅಂದುಕೊಂಡರು. ಮಾರನೇ ದಿನ ನಾನು ಮದ್ದೂರಿನಲ್ಲಿ ಒಂದು ಮಿಷನ್ನು ನೋಡಲು ಹೋಗಿದ್ದಾಗ ಒಂದು ಡಬ್ಬಕ್ಕೆ ಮೊಳೆ ಹೊಡೆದು, ತಿಳಿ ಎಣ್ಣೆ ಬಾಟಲಿಗಿಳಿಸಿಕೊಂಡು, ತೂತಿಗೆ ಅಂಟು ಮೆತ್ತಿ, ಮೇಲೆ ಧೂಳು ಬಳಿದು ಇಟ್ಟಿದ್ದರು. ಕೊಂಬುಗಳಿಗೆ ತಂತಿ ಮುಟ್ಟಿಸಿ ಕರೆಂಟು ಇಳಿಸಿಯೇ ಮೊಳೆ ಹೊಡೆದದ್ದು. ಅದರಲ್ಲಿ ಅವರು ಎಂದೂ ತಪ್ಪುವವರಲ್ಲ. ಸಂಜೆ ನಾನು ಬಂದಾಗ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ನಿಂತಿದ್ದರು.

ನಾನು ಕೂಸು ನೋಡಲು ಹೋದದ್ದು ಅದಾಗಿ ಕೆಲವು ವಾರದ ಮೇಲೆ. ಹೆಂಡತಿ ಬೆಳ್ಳಿ ಕಾಲುಗೆಜ್ಜೆ ಕೊಟ್ಟು ಕಳಿಸಿದ್ದಳು. ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದಳು.

"ಅಲ್ಲೇ ನಿಂತ್ಕೊಳ್ಳಪ್ಪ. ಎಕ್ಸ್‌ರೇ ಮುಟ್ಟಿದ ಕೈ. ಹಿತ್ಲಲ್ಲಿ ಬಿಸಿನೀರದೆ, ಮಿಂದ್ಕೊಂಡು ನಿಮ್ಮ ಬಾವನ ಪಂಚೆ ಉಟ್ಕೊಂಡು ಬಾ."

"ನಾನು ಇವತ್ತು ಶೆಡ್ಡಿಗೇ ಹೋಗಿಲ್ಲ ಕಣಕ್ಕ."

"ಮೈಯಾಗೆ ಇಳಿದಿರ್ತದೆ ಕಣ್ಲಾ ಅದು. ಅಂಗೇ ಓಗಿಬುಡಲ್ಲ."

ಅವಳ ಜತೆ ವಾದ ಮಾಡಿ ಗೆದ್ದವರಿಲ್ಲ. ಮಿಂದೆ, ಪಂಚೆ ಉಟ್ಟೆ, ಒಳಗೆ ಹೋದೆ. ಕೂಸನ್ನು ತಂದು ಮಡಿಲಿಗೆ ಹಾಕಿದಳು. ಆಗತಾನೇ ನೀರು ಹಾಕಿಸಿಕೊಂಡು ಮಲಗಿತ್ತು. ಹುಬ್ಬಿಗೆ ಕಾಡಿಗೆ, ಕೆನ್ನೆಗೊಂದು ದೃಷ್ಟಿಬೊಟ್ಟು. ನನಗೆ ಮಕ್ಕಳ ತಲೆ ಮೂಸುವ ಚಾಳಿ ಇದೆ. ಮೂಸಿದೆ. ಸಾಂಬ್ರಾಣಿ, ಹರಳೆಣ್ಣೆ, ಹಾಲು. ಇವುಗಳ ಅಡಿಯಲ್ಲಿ ಇನ್ನೊಂದು ವಾಸನೆ, ಬಟ್ಟೆಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯಂಥದ್ದು. ಸೊಳ್ಳೆಪರದೆಯದೋ ಕುಲಾವಿಯದೋ ಇರಬೇಕು ಅಂದುಕೊಂಡೆ. ಕಾಲು ಮೂಸಿದೆ. ಅಲ್ಲಿ ಇನ್ನೂ ಜಾಸ್ತಿಯಿತ್ತು.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಸೋರುವ ಡಬ್ಬ ತೆಗೆಯುವಾಗ ಮೂಗಿಗೆ ಬಡಿಯುವ ವಾಸನೆ ಅದೇ.

"ಅಕ್ಕ, ಕೂಸಿಗೆ ಯಾವ ಎಣ್ಣೆ ಹಚ್ತೀಯ?"

"ಹರಳೆಣ್ಣೆ. ಇನ್ನೇನು ಹಚ್ತಾರೆ?"

"ಅದರ ಜತೆಗೆ?"

ಅಕ್ಕ ಬಾವನ ಮುಖ ನೋಡಿದಳು. ಬಾವ ಕಿಟಕಿಯ ಕಡೆ ನೋಡಿದರು. ಬಾಯಿ ಬಿಟ್ಟದ್ದು ಅಕ್ಕನ ಮಗಳು. ಮಂಚದ ಮೇಲೆ ಕಿವಿಗೆ ಹತ್ತಿಯಿಟ್ಟುಕೊಂಡು ಕೂತಿದ್ದಳು.

"ಅಪ್ಪ ನಿಮ್ಮ ಹತ್ರದಿಂದ ತಂದ್ರಲ್ಲ ಮಾವ, ಕರೆಂಟೆಣ್ಣೆ. ನೀವೇ ಕೊಟ್ರಿ ಅಂದ್ರು. ಅಮ್ಮ ಮಂಡಿಗೆ ಹಚ್ಕೊತಾಳೆ. ನನಗೆ ಸೊಂಟಕ್ಕೆ ತಿಕ್ತಾಳೆ. ಪಾಪುವಿಗೆ ಕಾಲು ಗಟ್ಟಿಯಾಗ್ಲಿ ಅಂತ ಹರಳೆಣ್ಣೆಗೆ ಎರಡು ತೊಟ್ಟು ಹಾಕ್ತಾಳೆ."

"ಎಷ್ಟು ದಿನದಿಂದ?"

"ತಂದಾಗಿನಿಂದ. ದಿನಾ."

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಜಾಸ್ತಿ ಹೆದರಿಕೆಯಾಯಿತು. ಬಾಟಲಿ ತನ್ನಿ ಅಂದೆ. ಬಾವ ದೇವರ ಗೂಡಿನ ಪಕ್ಕದಿಂದ ತಂದರು, ಅರ್ಧ ಖಾಲಿಯಾಗಿತ್ತು. ಎಲ್ಲೋ ತೊಟ್ಟಿಯ ಕಪ್ಪೆಣ್ಣೆಯನ್ನೇ ಸೋಸಿ ತಂದಿರಬಹುದು ಅನ್ನುವ ಆಸೆ ನನಗೆ. ಬಾಟಲಿ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಆದರೂ ಇನ್ನೊಂದು ಸಲ ನೋಡೋಣ ಅಂತ ಗಾಜಿನ ಲೋಟದಲ್ಲಿ ನೀರು ತರಿಸಿದೆ. ಮಾಮೂಲಿ ಎಣ್ಣೆ ಯಾವುದಾದರೂ ನೀರಿನ ಮೇಲೆ ತೇಲುತ್ತದೆ. ಪಿಸಿಬಿ ಮಾತ್ರ ನೀರಿಗಿಂತ ಭಾರ. ಮೊದಲು ಹರಳೆಣ್ಣೆಯ ಒಂದು ಹನಿ ಬಿಟ್ಟೆ. ತೇಲಿತು. ಆಮೇಲೆ ಬಾಟಲಿಯದನ್ನು ಬಿಟ್ಟೆ. ಒಂದು ಕ್ಷಣ ಮೇಲೆ ನಿಂತು, ಗುಂಡಗಾಗಿ, ಸೀದಾ ತಳಕ್ಕೆ ಇಳಿದು ಕೂತಿತು.

ಎಲ್ಲರೂ ಲೋಟ ನೋಡುತ್ತಿದ್ದೆವು. ಬಾವ ಮೆಲ್ಲಗೆ, "ನೋಡ್ದಾ, ಎಂಥ ತೂಕ. ಒರಿಜಿನಲ್ಲು ಕಣ್ಲಾ ಅದು," ಅಂದರು.

"ಬಾವ, ಬಾಯಿ ಮುಚ್ಕೊಂಡಿರಿ," ಅಂದೆ. ಅವರಿಗೆ ನಾನು ಅಂಥ ಮಾತು ಆಡಿದ್ದು ಅದೇ ಮೊದಲು. ಅದು ಔಷಧಿಯಲ್ಲ ವಿಷ, ಮೈಯೊಳಗೆ ಹೋದರೆ ಬೇಗ ಬಿಡುವುದಿಲ್ಲ, ದೊಡ್ಡವರಿಗಿಂತ ಕೂಸಿಗೆ ಕೆಟ್ಟದ್ದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುತ್ತಿ ಬಳಸಿ ಹೇಳುವ ವಿದ್ಯೆ ನನಗೆ ಬಾರದು.

"ನೀನೇ ಅಂದ್ಯಲ್ಲೋ ಸ್ಟ್ರಾಂಗು ಅಂತ," ಅಂದರು ಬಾವ. ಜಗಳಕ್ಕೆ ಅಂದದ್ದಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅಕ್ಕನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ನನ್ನ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆದಳು. ಎದ್ದು ಕಿರುಚುತ್ತಿದ್ದ ಕೂಸನ್ನು ಮಗಳ ಕೈಗೆ ಕೊಟ್ಟು ವಾಪಸು ಹೋದಳು. ಬಹಳ ಹೊತ್ತು ಈಚೆಗೆ ಬರಲಿಲ್ಲ. ನಾನು ಹೋಗಿ ನೋಡಿದಾಗ ತೆಂಗಿನ ನಾರು ಹಿಡಿದು ಸೀಗೆಪುಡಿಯಲ್ಲಿ ಎರಡೂ ಅಂಗೈಯನ್ನು ತಿಕ್ಕುತ್ತಾ ಕೂತಿದ್ದಳು. ಅಂಗೈ ಕೆಂಪಗಾಗಿತ್ತು.

"ಎಷ್ಟು ತಿಕ್ಕಿದ್ರೆ ಓಯ್ತದ್ಲಾ?"

"ಸೋಪಲ್ಲಿ ಒಂದ್ಸಲ ತೊಳೆದ್ರೆ ಸಾಕು ಕಣಕ್ಕ. ಮೇಲಿನದು ಹೋಗುತ್ತೆ."

"ಒಳಗಿಳಿದದ್ದು?"

ನಾನು ಅವಳನ್ನು ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಒಳಗೆ ಕೂಸು ಹಸಿದು ಅಳುತ್ತಿತ್ತು. ಅಕ್ಕನ ಮಗಳು ಅದನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಳು, ಎದೆಗೆ ಹಾಕಿಕೊಂಡಿರಲಿಲ್ಲ. ಅವಳು ಓದಿದವಳು. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಫೋನಿನಲ್ಲಿ ಎಲ್ಲ ನೋಡಿಕೊಂಡಿದ್ದಳು.

"ಮಾವ, ಇದು ಹಾಲಿನಲ್ಲಿ ಇಳಿಯುತ್ತೆ ಅಂತ ಬರೆದಿದೆ. ನಾನು ಹಾಲು ಕೊಡ್ಲಾ ಬೇಡ್ವಾ?"

ಕೂಸು ಬಾಯಿ ಹುಡುಕುತ್ತಾ ಅವಳ ಭುಜವನ್ನೇ ಚೀಪುತ್ತಿತ್ತು. ಎಕ್ಸ್‌ರೇ ಮಿಷನ್ನಿನ ಬಗ್ಗೆ ಯಾರು ಏನು ಕೇಳಿದರೂ ನಾನು ತಟ್ಟನೆ ಉತ್ತರ ಕೊಡುವವನು. ಇದು ಮಿಷನ್ನಿನ ಪ್ರಶ್ನೆಯಲ್ಲ. ಮಂಡ್ಯದಲ್ಲಿ ನನಗೆ ಪರಿಚಯದ ಮಕ್ಕಳ ಡಾಕ್ಟರಿಗೆ ಫೋನು ಹಚ್ಚಿದೆ. ಅವರಿಗೂ ಇಂಥದ್ದು ಹೊಸದು. ಸ್ವಲ್ಪ ಹೊತ್ತು ಬಿಟ್ಟು, ಓದಿ ನೋಡಿ, ಅವರೇ ವಾಪಸು ಮಾಡಿದರು. ಎಣ್ಣೆ ಈ ಕ್ಷಣದಿಂದ ನಿಲ್ಲಿಸಿ, ಬಟ್ಟೆಬರೆ ಎಲ್ಲ ಬದಲಾಯಿಸಿ. ಹಾಲು ನಿಲ್ಲಿಸಬೇಡಿ, ನಿಲ್ಲಿಸಿದರೆ ಆಗುವ ಕೇಡೇ ದೊಡ್ಡದು. ಮೈಯೊಳಗೆ ಎಷ್ಟು ಸೇರಿದೆ ಅಂತ ನೋಡುವ ಟೆಸ್ಟು ಇಲ್ಲಿ ಎಲ್ಲೂ ಇಲ್ಲ, ನೋಡಿದರೂ ತೆಗೆಯುವ ಔಷಧಿ ಇಲ್ಲ. ಕೂಸಿನ ಬೆಳವಣಿಗೆ ಗಮನಿಸುತ್ತಿರಿ. ಇಷ್ಟು ಅವರ ಮಾತು.

ನಾನು ಅದನ್ನೇ ಒಪ್ಪಿಸಿದೆ. ಅಕ್ಕನ ಮಗಳು ಪೂರ್ತಿ ಕೇಳಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು. ಕೂಸು ಗಟಗಟ ಕುಡಿಯುವ ಸದ್ದು ಕೇಳುತ್ತಿತ್ತು. ಕುಡಿದು ಮುಗಿಯುವ ತನಕ ಅವಳು ಅತ್ತಳು.

ಬಾಟಲಿಯನ್ನು ಮೂರು ಕವರಿನಲ್ಲಿ ಸುತ್ತಿಕೊಂಡು ತಂದು ಟಬ್ಬಿನ ಡಬ್ಬಗಳ ಜತೆ ಇಟ್ಟೆ. ಗಾಡಿಯವರು ಬಂದು ಎಲ್ಲ ಒಯ್ದರು. ಬಾವ ಅಂದಿನಿಂದ ನನ್ನ ಶೆಡ್ಡಿಗೆ ಬಂದಿಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು, ಆ ಡಬ್ಬದ ಮೇಲೆ ಕನ್ನಡದಲ್ಲಿ ಯಾಕೆ ಏನೂ ಬರೆದಿರಲಿಲ್ಲ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದರ ಮೇಲೆ ಇಂಗ್ಲಿಷಿನಲ್ಲೂ ಏನೂ ಬರೆದಿರಲಿಲ್ಲ, ಜರ್ಮನ್ನಿನಲ್ಲಿ ಏನಿತ್ತೋ ನನಗೂ ಓದಲು ಬಾರದು. ಈಗ ನಾನು ಡಬ್ಬಗಳ ಮೇಲೆ ಕೆಂಪು ಬಣ್ಣದಲ್ಲಿ "ವಿಷ" ಅಂತ ದೊಡ್ಡದಾಗಿ ಬರೆಯುತ್ತೇನೆ. ಸ್ಟ್ರಾಂಗು ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಟೀಗೂ ಬರುವುದಿಲ್ಲ.

ಅಕ್ಕನ ಮಗಳು ಮದ್ದೂರಿಗೆ ವಾಪಸು ಹೋಗಿ ಸ್ಕೂಲಿಗೆ ಸೇರಿಕೊಂಡಳು. ಕೂಸಿಗೆ ಹಲ್ಲು ಬಂತು. ಹಲ್ಲು ಬರುವ ಮೊದಲು ಅಕ್ಕ ನನಗೆ ಫೋನು ಮಾಡಿದಳು, "ಬೇರೆ ಕೂಸುಗಳ್ಗೆ ಇಷ್ಟೊತ್ಗೆ ಬಂದಿರ್ತದಂತೆ. ಅದ್ರಿಂದ್ಲೇ ಏನ್ಲಾ?" ಅಲ್ಲ ಕಣಕ್ಕ ಅಂದೆ. ಬೆನ್ನ ಮೇಲೆ ಬೆವರುಗುಳ್ಳೆ ಎದ್ದಾಗ ಫೋನು ಮಾಡಿದಳು. ಜ್ವರ ಬಂದಾಗ, ಭೇದಿಯಾದಾಗ, ಒಂದು ಸಲ ಕೂಸು ಸುಮ್ಮನೆ ಜಾಸ್ತಿ ಹೊತ್ತು ನಿದ್ದೆ ಮಾಡಿತು ಅಂತ. ಅವಳು ಆ ಎಣ್ಣೆಯ ಹೆಸರು ಹೇಳುವುದಿಲ್ಲ. "ಅದ್ರಿಂದ್ಲೇ ಏನ್ಲಾ" ಅಂತ ಮಾತ್ರ ಕೇಳುತ್ತಾಳೆ. ನಾನು ಅಲ್ಲ ಅನ್ನುತ್ತೇನೆ.

ಮೊನ್ನೆ ಬೆಳಿಗ್ಗೆ ಮತ್ತೆ ಮಾಡಿದ್ದಳು. ದನಿಯಲ್ಲಿ ಖುಷಿಯಿತ್ತು. ಕೂಸು ವಿಡಿಯೋದಲ್ಲಿ ಅವಳನ್ನು ನೋಡಿ "ಅಜ್ಜಿ" ಅಂದಿತಂತೆ. ಅದರ ಮೊದಲ ಮಾತು ಅದೇ. "ಅವ್ವ ಅಂತ್ಲೂ ಅಂದಿಲ್ಲ ಕಣ್ಲಾ, ಅಜ್ಜಿ ಅಂತು," ಅಂತ ನಕ್ಕಳು. ನಾನೂ ನಕ್ಕೆ.

"ಪಕ್ಕದ ಮನೇದು ಇದಕ್ಕಿಂತ ಸಣ್ಣದು," ಅಂದಳು. "ಅದು ಆಗ್ಲೇ ನಾಕೈದು ಮಾತಾಡ್ತದೆ. ಇದು ಒಂದೇ ಆಡಾದು. ಅದ್ರಿಂದ್ಲೇ ಏನ್ಲಾ?"

"ಅಲ್ಲ ಕಣಕ್ಕ," ಅಂದೆ. "ಒಂದೊಂದು ಮಗು ಒಂದೊಂದು ಥರ."

"ದಿಟವಾಗ್ಲೂ?"

"ದಿಟವಾಗ್ಲೂ," ಅಂದೆ. ನನಗೆ ಗೊತ್ತಿಲ್ಲ.